ಅಮೀರ್‌ಬಾಯಿ ಕರ್ನಾಟಕಿ: ರಂಗಭೂಮಿಯಿಂದ ಬೆಳ್ಳಿತೆರೆಗೆ

ಅಮೀರ್‌ಬಾಯಿ ಕರ್ನಾಟಕಿ (ನಿಧನ 1965) ಕಂಪನಿ ನಾಟಕಗಳಲ್ಲಿ ಪಳಗಿ ಮುಂಬೈ ಚಿತ್ರರಂಗದಲ್ಲಿ ಹೆಸರಾದ ನಟಿ, ಗಾಯಕಿ. ಹುಟ್ಟೂರು ಬೀಳಗಿ, ಅದು ಆಗ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆಗೆ ಸೇರಿತ್ತು, ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅವರನ್ನು ಹಿನ್ನೆಲೆ ಗಾಯಕಿ ಎಂದಷ್ಟೇ ನೆನೆಯುವುದು ರೂಢಿ. ಆದರೆ ಅವರ ಕಲಾಜೀವನದ ಏರಿಳಿತ ತಿಳಿಯಬೇಕಾದರೆ ಅವರನ್ನು ಮೊದಲು ಹಾಡುವ ನಟಿಯಾಗಿ ನೋಡಬೇಕು. ಅಂದಿನ ಕಂಪನಿ ನಾಟಕಗಳಲ್ಲಿ ನಟನೆ ಬೇರೆ, ಗಾಯನ ಬೇರೆ ಎಂಬ ಭೇದವಿರಲಿಲ್ಲ. ಮೈಕಿಲ್ಲದ ರಂಗದಲ್ಲಿ ಕಾಲುಪೆಟ್ಟಿಗೆ, ತಬಲಾಗಳ ಜೊತೆ ಪಾತ್ರಧಾರಿಯೇ ಹಾಡಬೇಕು. ಪಾತ್ರದ ಅಳಲು ಕೊನೆಯ ಸಾಲಿನ ಪ್ರೇಕ್ಷಕನಿಗೂ ದನಿಯಲ್ಲೇ ಮುಟ್ಟಬೇಕು.

ಮಾತು ಕಲಿತ ಸಿನಿಮಾಕ್ಕೆ ಬೇಕಾಗಿದ್ದುದೂ ಇಂಥ ಕಲಾವಿದರೇ. 1934ರ ‘ವಿಷ್ಣುಭಕ್ತಿ’ಯಿಂದ ಅಮೀರ್‌ಬಾಯಿ ತೆರೆಗೆ ಬಂದರು, 1940ರ ‘ನರಸಿ ಭಗತ್’ನಲ್ಲಿ ಹಾಡಿದ ಭಜನೆ ಅವರ ಕಂಠವನ್ನು ದೂರದೂರಕ್ಕೆ ಒಯ್ದಿತು. ಈ ನಡುವೆ, 1935ರಲ್ಲಿ, ಹಿನ್ನೆಲೆ ಗಾಯನದ ಪದ್ಧತಿ ಬಂದು ದನಿಯನ್ನೂ ದೇಹವನ್ನೂ ಬೇರ್ಪಡಿಸಿತು. ಅದು ಅವರಿಗೆ ಮೊದಲು ವರವಾಯಿತು. ಅನಿಲ್ ಬಿಸ್ವಾಸ್ ಸಂಗೀತದ ‘ಕಿಸ್ಮತ್’ (1943) ಚಿತ್ರದಲ್ಲಿ ನಾಯಕಿ ಮುಮ್ತಾಜ್ ಶಾಂತಿಗೆ ಕಂಠ ಕೊಟ್ಟವರು ಅವರೇ; ಆ ಚಿತ್ರ ಕೋಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಮರುವರ್ಷ ನೌಷಾದ್ ಸಂಗೀತದ ‘ರತನ್’ ಚಿತ್ರದಲ್ಲೂ ಹಾಡಿದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಿಸಿದರು. ಸಂಗೀತ ನಿರ್ದೇಶನದಲ್ಲಿ ಹೆಣ್ಣುಮಕ್ಕಳು ತೀರ ವಿರಳವಾಗಿದ್ದ ಕಾಲವದು. ಆದರೆ 1949ರಲ್ಲಿ ‘ಮಹಲ್’, ‘ಬರ್ಸಾತ್’ ಚಿತ್ರಗಳೊಡನೆ ಲತಾ ಮಂಗೇಶ್ಕರ್ ಯುಗ ತೆರೆಯಿತು. ಮೈಕಿಗೆ ಒಗ್ಗುವ ತೆಳುದನಿ ಮೇಲಾಗಿ, ರಂಗದ ತುಂಬುಕಂಠಕ್ಕೆ ಬೇಡಿಕೆ ಇಳಿಯಿತು. ಅಮೀರ್‌ಬಾಯಿ ಮತ್ತೆ ಪೋಷಕ ಪಾತ್ರಗಳತ್ತ ಹೊರಳಿದರು.

ತೆರೆಯ ಮೇಲೆ ಅವರ ಪಾತ್ರಗಳು ಚಿಕ್ಕವು, ಹಾಗಿರುವಾಗ ನಟಿ ಎನ್ನುವುದೇಕೆ ಎಂದು ಕೇಳಬಹುದು. ಪಾತ್ರಗಳು ಚಿಕ್ಕವೆಂಬುದು ನಿಜ. ಆದರೆ ಇನ್ನೊಬ್ಬರ ಮುಖಕ್ಕೆ ದುಃಖವನ್ನೋ ಹುರುಪನ್ನೋ ದನಿಯಿಂದ ತುಂಬುವುದು ಅಭಿನಯವೇ, ಅದನ್ನು ಅವರಿಗೆ ಕಲಿಸಿದ್ದು ರಂಗ. ಹಿಂದಿಗೆ ಹೋದವರು ಕನ್ನಡದವರಾಗಿ ಉಳಿದರೇ ಎಂಬ ಪ್ರಶ್ನೆಗೆ ಅವರ ಸೀಮೆಯ ಇತಿಹಾಸವೇ ಉತ್ತರಿಸುತ್ತದೆ. ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕನಮಡಿಯಿಂದ ಮುಂದೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಸಮೀಪ. 1956ರವರೆಗೆ ಇಲ್ಲಿನವರಿಗೆ ಮುಂಬೈಯೇ ರಾಜಧಾನಿ. ಕಲಾವಿದರಿಗೆ ಎರಡು ಮೂರು ಭಾಷೆಗಳ ರಂಗದಲ್ಲಿ ಓಡಾಡುವುದು ಸಹಜವಾಗಿತ್ತು. ಅಮೀರ್‌ಬಾಯಿಯ ಸೋದರಿ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಟಿಸಿದರು. ಇಬ್ಬರೂ ‘ಕರ್ನಾಟಕಿ’ ಎಂಬ ಹೆಸರನ್ನು ಬಿಡಲಿಲ್ಲ. ವಿಜಯಪುರದಲ್ಲಿ ಅಮೀರ್ ಟಾಕೀಸ್ ತೆರೆದು, ಮುಂಬೈಯ ಗಳಿಕೆಯನ್ನು ಅಮೀರ್‌ಬಾಯಿ ತಮ್ಮ ಸೀಮೆಗೇ ತಂದರು. ರಹಮತ್ ತರೀಕೆರೆ ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆದಿದ್ದಾರೆ. ಹಿಂದಿ ಚಿತ್ರಗೀತೆಯ ಚರಿತ್ರೆಯಲ್ಲಿ ಅವರಿಗೆ ಸ್ಥಾನ ಸಿಕ್ಕಾಗಿದೆ. ಉತ್ತರ ಕರ್ನಾಟಕದ ರಂಗಭೂಮಿಯ ಚರಿತ್ರೆಯಲ್ಲೂ ಅಷ್ಟೇ ದೊಡ್ಡ ಸ್ಥಾನ ಅವರಿಗೆ ಸಲ್ಲಬೇಕು.