ಕುರಿಯ ಉಣ್ಣೆ, ನಾಯಿಯ ಕೂದಲು

ಕಲಬುರಗಿಯ ಬಿಸಿಲಿನಲ್ಲಿ ಗುಂಗುರುಗೂದಲಿನ ನಾಯಿಯನ್ನು ಸಾಕುವುದೇ ಅವಿವೇಕವೆಂದು ಬಲ್ಲವರು ಹೇಳಿಯಾರು. ನಾನು ಸಾಕಿದ್ದೇನೆ. ಹೋದ ವೈಶಾಖದಲ್ಲಿ ಅದರ ಏದುಸಿರನ್ನು ನೋಡಲಾರದೆ ಕತ್ತರಿ ಹಿಡಿದು, ಬೆನ್ನಿನ ಕೂದಲನ್ನು ಚರ್ಮ ಕಾಣುವವರೆಗೆ ತೆಗೆದುಬಿಟ್ಟೆ. ಉಪಕಾರ ಮಾಡಿದೆನೆಂದೇ ನನ್ನ ಭಾವನೆ. ನಾಲ್ಕೇ ದಿನಗಳಲ್ಲಿ ಅದರ ಬೆನ್ನು ಬಿಸಿಲಿಗೆ ಕೆಂಪಾಗಿ, ಮುಟ್ಟಿದರೆ ಮುಲುಗತೊಡಗಿತು.

ಆ ದಿನಗಳಲ್ಲೇ ಕೆಂಪು ಬಾಳೆಯ ಊರಾದ ಕಮಲಾಪುರಕ್ಕೆ, ನೆಂಟರ ಮನೆಗೆ ಹೋಗಬೇಕಾಯಿತು. ನಾಯಿಯೂ ಜೊತೆಗಿತ್ತು. ಊರ ಹೊರಗೆ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ಮುದುಕನೊಬ್ಬ ಅದನ್ನು ಕಂಡು ಕೈ ನಿಲ್ಲಿಸಿದ.

“ಕುರಿದು ಕಂಬ್ಳಿಗಂತ ತೆಗೀತೀವ್ರಿ ಸರ. ಇದರ ಕೂದ್ಲ ತೆಗದು ನೀವೇನು ನೇಯ್ತೀರಿ?”

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯದ್ದನ್ನು ಪುಸ್ತಕದಲ್ಲಿ ಹುಡುಕುವುದು ನಮ್ಮ ವೃತ್ತಿಯವರ ಹಳೆಯ ಚಟ.

ಕೇಂಬ್ರಿಜ್ಜಿನ ವೈದ್ಯ ಜಾನ್ ಕೀಸ್ 1570ರಲ್ಲಿ ಇಂಗ್ಲೆಂಡಿನ ನಾಯಿಗಳನ್ನು ಕುರಿತು ಲ್ಯಾಟಿನ್ನಿನಲ್ಲಿ ಒಂದು ಚಿಕ್ಕ ಗ್ರಂಥ ಬರೆದ. 1576ರಲ್ಲಿ ಅದು ಇಂಗ್ಲಿಷಿಗೆ ಬಂತು. ಕೆರೆಗೆ ಬಿದ್ದ ಬಾತುಗಳನ್ನೂ ಗುರಿ ತಪ್ಪಿದ ಬಾಣಗಳನ್ನೂ ಈಜಿ ತರುವ ನೀರುನಾಯಿಯ ಮಾತು ಅಲ್ಲಿದೆ. ಅದರ ಹೆಗಲಿನಿಂದ ಹಿಂಗಾಲಿನವರೆಗೆ, ಬಾಲದ ತುದಿಯವರೆಗೆ ಕೂದಲು ಕತ್ತರಿಸುತ್ತಿದ್ದರಂತೆ. ಏಕೆ? ಮೈ ಹಗುರಾಗಿ ಈಜು ಸರಾಗವಾಗಲೆಂದು. ಪೂಡಲ್ ನಾಯಿಯ ಹೆಸರೂ ನೀರಿನದೇ: ನೀರಿನಲ್ಲಿ ಸಪ್ಪಳ ಮಾಡುತ್ತ ಆಡುವುದಕ್ಕೆ ಜರ್ಮನ್ ಭಾಷೆಯಲ್ಲಿದ್ದ ಮಾತಿನಿಂದ ಅದು ಹುಟ್ಟಿತು. ಮುಂದೆ ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಸೇತುವೆಗಳ ಬಳಿ ನಾಯಿಗಳಿಗೆ ಕ್ಷೌರ ಮಾಡುವವರೇ ಕುಳಿತಿರುತ್ತಿದ್ದರು. ಬೇಟೆಯ ಉಪಾಯ ಶ್ರೀಮಂತರ ಷೋಕಿಯಾಯಿತು. ಕೀಸನ ಬೇಟೆಗಾರನಿಗೆ ಮುದುಕನ ಪ್ರಶ್ನೆಗೆ ಉತ್ತರವಿತ್ತು. ನನಗೆಲ್ಲಿ? ನಮ್ಮ ನಾಯಿ ಕಂಡ ನೀರು ಬಕೆಟ್ಟಿನದು.

ನಮ್ಮ ಕಡೆಯ ನಾಯಿಗಳ ಚರಿತ್ರೆ ಬೇರೆಯದು. ಮಳಖೇಡದ ಮುಮ್ಮಡಿ ಕೃಷ್ಣನ ಕಾಲದ ಆತಕೂರು ಶಾಸನ (ಕ್ರಿ.ಶ. 949-50) ಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ನಾಯಿಯನ್ನು ಕೀರ್ತಿಸುತ್ತದೆ; ಬಾಚಣಿಗೆಯ ಸುದ್ದಿಯಿಲ್ಲ. ವೀರನ ಮೈಗೂದಲನ್ನು ಯಾರು ಕೇಳುತ್ತಾರೆ! ಆದರೆ ಮುಧೋಳದ ಬೇಟೆನಾಯಿಯ ಬಳಗದಲ್ಲೇ, ಕಿವಿ ಬಾಲಗಳಲ್ಲಿ ರೇಷ್ಮೆಯಂಥ ಕುಚ್ಚುಳ್ಳ ನಾಯಿಗೆ ಪಶ್ಮಿ ಎಂದು ಹೆಸರು. ಪಾರಸಿಯಲ್ಲಿ ಪಶ್ಮ್ ಎಂದರೆ ಉಣ್ಣೆ. ಪಶ್ಮೀನಾ ಶಾಲೂ ಅದೇ ಮಾತಿನದು. ಮುದುಕನ ಕಂಬಳಿಯ ಮಾತು ನಾಯಿಯ ಹೆಸರಿನಲ್ಲೇ ಅಡಗಿ ಕುಳಿತಿತ್ತು.

ಪಶ್ಮಿಗೆ ಹಣಿಗೆ ಸಾಕು. ಗುಂಗುರುಗೂದಲಿನ ನಾಯಿಗೆ ಹಾಗಲ್ಲ. ಅದರ ಕೂದಲು ಬಹಳ ಉದುರದೆ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಕತ್ತರಿ ಬೇಕೇ ಬೇಕು. ನಾನು ತಪ್ಪಿದ್ದು ಅಳತೆಯಲ್ಲಿ. ಅಂಗುಲದಷ್ಟು ಉಳಿಸಿದ್ದರೆ ಅದೇ ಬಿಸಿಲಿಗೆ ನೆರಳಾಗುತ್ತಿತ್ತು.

ನನ್ನ ಇನ್ನೊಂದು ತಪ್ಪನ್ನೂ ಮುದುಕನೇ ಕಂಡುಹಿಡಿದ. ನಾಯಿಯ ಕಿವಿಯ ಹಿಂದೆ ಜಡೆಗಟ್ಟಿದ್ದ ಗಂಟನ್ನು ಮುಟ್ಟಿ, “ಮೊದ್ಲ ನೀರು ಹಾಕೀರೇನ್ರಿ?” ಎಂದ. ಹೌದೆಂದೆ. ಅವನು ಹಿಡಿ ಉಣ್ಣೆಯನ್ನು ನೀರಿನಲ್ಲಿ ನೆನೆಸಿ ಅಂಗೈಯಲ್ಲಿ ಉಜ್ಜಿದ. ಎಳೆಗಳು ಒಂದಕ್ಕೊಂದು ಹೆಣೆದು ಗಟ್ಟಿಯಾದವು. “ಮೊದ್ಲ ಹಣಿಗಿ, ಆಮ್ಯಾಲ ನೀರ್ರಿ.”

ಈಗ ಸಂಜೆ ಕಾಲೇಜಿನಿಂದ ಬಂದು ಅಂಗಳದಲ್ಲಿ ಕೂರುತ್ತೇನೆ. ಒಣಗೂದಲನ್ನು ಬೆರಳಿನಿಂದ ಬಿಡಿಸಿ, ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವೇ ಬಾಚುತ್ತೇನೆ. ಬೆನ್ನಿನ ಕೂದಲು ಅರ್ಧ ಅಂಗುಲ ಬಂದಿದೆ. ಕತ್ತರಿಯನ್ನು ಕಂಡರೆ ಮಾತ್ರ ನಾಯಿ ಇನ್ನೂ ಮಂಚದ ಕೆಳಗೆ ಸೇರುತ್ತದೆ.