ಒಣಗದ ಗಿಡಗಳು, ಉಳಿದ ಹೆಸರುಗಳು: ರಸಭರಿತ ಸಸ್ಯಗಳ ವೈಜ್ಞಾನಿಕ ನಾಮಗಳ ಮೂಲ

ಸಸ್ಯಶಾಸ್ತ್ರದ ಮುಖ್ಯ ದಾಖಲೆ ಒಣಗಿಸಿದ ಗಿಡ. ಕಿತ್ತ ರೆಂಬೆಯನ್ನು ಕಾಗದಗಳ ನಡುವೆ ಒತ್ತಿ, ಒಣಗಿದ ಮೇಲೆ ಹಾಳೆಗೆ ಅಂಟಿಸಿ ಹರ್ಬೇರಿಯಂನಲ್ಲಿ ಇಟ್ಟರೆ ಇನ್ನೂರು ವರ್ಷಗಳ ಮೇಲೂ ತೆಗೆದು ನೋಡಬಹುದು. ಕಳ್ಳಿ, ಲೋಳೆಸರ, ಕಾಡುಬಸಳೆಯಂಥ ರಸಭರಿತ ಸಸ್ಯಗಳು ಈ ಕ್ರಮಕ್ಕೆ ಬಗ್ಗುವುದಿಲ್ಲ. ಒತ್ತಿಟ್ಟರೆ ಕೊಳೆಯುತ್ತವೆ, ಇಲ್ಲವೇ ಕಾಗದದೊಳಗೇ ಬೆಳೆಯುತ್ತವೆ. ಕಾಡುಬಸಳೆಯ ಎಲೆಯನ್ನು ಪುಸ್ತಕದಲ್ಲಿಟ್ಟು ಮರೆತವರಿಗೆ ಇದು ಗೊತ್ತು: ಕೆಲವೇ ದಿನಗಳಲ್ಲಿ ಎಲೆಯಂಚಿನ ಕಚ್ಚುಗಳಿಂದ ಬೇರು ಸಮೇತ ಮರಿಗಳು ಮೂಡಿರುತ್ತವೆ. 1805ರಲ್ಲಿ ಸಾಲಿಸ್‌ಬರಿ ಅದಕ್ಕೆ ಇಟ್ಟ ಬ್ರಯೋಫಿಲಮ್ ಎಂಬ ಕುಲನಾಮ ಈ ಗುಣವನ್ನೇ ಹೇಳುತ್ತದೆ. ಗ್ರೀಕಿನಲ್ಲಿ ಅದು ಚಿಗುರುವ ಎಲೆ.

ಹೀಗಾಗಿ ಈ ಗುಂಪಿನ ಗಿಡಗಳು ಯುರೋಪಿನ ಪಂಡಿತರನ್ನು ತಲುಪಿದ್ದು ಎರಡು ದಾರಿಗಳಲ್ಲಿ. ಒಂದು, ಹಡಗೇರಿ ಬದುಕುಳಿದ ಜೀವಂತ ಗಿಡ. ಇನ್ನೊಂದು, ಚಿತ್ರ ಮತ್ತು ಚಿತ್ರದ ಜೊತೆಗೆ ಬರೆದುಕೊಂಡ ಮಾತು. ಎರಡನೆಯ ದಾರಿಯಲ್ಲಿ ಬಂದ ಹೆಸರುಗಳೇ ಈ ಲೇಖನದ ವಸ್ತು. ಇಂಥ ಹೆಸರುಗಳ ಮೂಲವನ್ನು ಗ್ರೀಕ್, ಅರಬ್ಬಿ, ಸಂಸ್ಕೃತ ನಿಘಂಟುಗಳಲ್ಲಿ ಹುಡುಕಿದರೆ ದಾರಿ ತಪ್ಪುತ್ತದೆ ಎಂಬುದು ನನ್ನ ವಾದ. ಹುಡುಕಬೇಕಾದದ್ದು ಮೊದಲ ವರ್ಣನೆಯ ಪುಟದಲ್ಲಿ. ಹಾಗೆ ಹುಡುಕಿದಾಗ ದಕ್ಷಿಣ ಭಾರತದ ಮಾತುಗಳು ಎರಡು ಕಡೆ ಸ್ಪಷ್ಟವಾಗಿ ಸಿಗುತ್ತವೆ.

ಸಸ್ಯನಾಮಗಳ ಅಧಿಕೃತ ಕಾಲಗಣನೆ ಶುರುವಾಗುವುದು ಲಿನೇಯಸ್ 1753ರಲ್ಲಿ ಪ್ರಕಟಿಸಿದ ಸ್ಪೀಶೀಸ್ ಪ್ಲಾಂಟಾರಮ್‌ನಿಂದ. ಕುಲನಾಮಗಳ ವಿಷಯದಲ್ಲಿ ಆತ ಬಹಳ ಕಟ್ಟುನಿಟ್ಟು. ಗ್ರೀಕ್ ಅಥವಾ ಲ್ಯಾಟಿನ್ ಧಾತುವಿನಿಂದ ಹುಟ್ಟದ ಕುಲನಾಮವನ್ನು ತಳ್ಳಿಹಾಕಬೇಕು ಎಂದು 1751ರ ಫಿಲಾಸೊಫಿಯಾ ಬೊಟಾನಿಕಾದಲ್ಲಿ ಸೂತ್ರವನ್ನೇ ಬರೆದಿದ್ದಾನೆ. ಈ ಹಟಕ್ಕೆ ಕ್ಯಾಕ್ಟಸ್ ಒಳ್ಳೆಯ ಉದಾಹರಣೆ. ಥಿಯೊಫ್ರಾಸ್ಟಸ್ ಹೇಳುವ ಕಾಕ್ಟೋಸ್ ಸಿಸಿಲಿಯಲ್ಲಿ ಬೆಳೆಯುವ, ದಂಟು ತಿನ್ನಬಹುದಾದ ಒಂದು ಮುಳ್ಳುಗಿಡ. ಅಮೆರಿಕ ಖಂಡದ ಗಿಡಗಳಿಗೂ ಅದಕ್ಕೂ ಮುಳ್ಳೊಂದನ್ನು ಬಿಟ್ಟರೆ ಸಂಬಂಧವಿಲ್ಲ. ಲಿನೇಯಸ್ ಆ ಹಳೆಯ ಪದವನ್ನು ತಂದು ಹೊಸ ಖಂಡದ ಗಿಡಗಳ ಮೇಲೆ ಕೂರಿಸಿದ. ಸ್ಪೀಶೀಸ್ ಪ್ಲಾಂಟಾರಮ್ ಬಂದ ಮರುವರ್ಷವೇ ಫಿಲಿಪ್ ಮಿಲ್ಲರ್ ಅದನ್ನು ಒಡೆದು ಒಪಂಶಿಯಾ, ಸೀರಿಯಸ್ ಮೊದಲಾದ ಹಳೆಯ ಹೆಸರುಗಳನ್ನು ಮತ್ತೆ ಚಲಾವಣೆಗೆ ತಂದ. ಈಗ ಕ್ಯಾಕ್ಟಸ್ ಎಂಬ ಕುಲವೇ ಮಾನ್ಯವಲ್ಲ, ಹಾವರ್ತ್ ಕೊಟ್ಟ ಮಾಮಿಲ್ಲಾರಿಯಾ ಅದರ ಜಾಗದಲ್ಲಿದೆ. ಕುಟುಂಬದ ಹೆಸರು ಮಾತ್ರ ಕ್ಯಾಕ್ಟೇಸಿಯೇ ಎಂದೇ ಉಳಿದಿದೆ.

ಯುಫೋರ್ಬಿಯಾದ ಕಥೆ ಇದಕ್ಕಿಂತ ಗಟ್ಟಿ. ಉತ್ತರ ಆಫ್ರಿಕದ ಮೌರಿಟಾನಿಯಾದ ರಾಜ ಎರಡನೆಯ ಜೂಬಾ ಅಟ್ಲಾಸ್ ಪರ್ವತದಲ್ಲಿ ಸಿಕ್ಕ ಹಾಲುಗಳ್ಳಿಯೊಂದಕ್ಕೆ ತನ್ನ ವೈದ್ಯ ಯುಫೋರ್ಬಸ್‌ನ ಹೆಸರಿಟ್ಟ ಎಂದು ಪ್ಲಿನಿ ದಾಖಲಿಸುತ್ತಾನೆ. ಅಗಸ್ಟಸ್ ಚಕ್ರವರ್ತಿಯ ವೈದ್ಯ ಆಂಟೋನಿಯಸ್ ಮೂಸಾ ಈತನ ಸಹೋದರ. ಈ ಹಾಲನ್ನು ಸಂಗ್ರಹಿಸುತ್ತಿದ್ದ ರೀತಿಯನ್ನು ಡಯೊಸ್ಕೊರಿಡೀಸ್ ವಿವರಿಸಿದ್ದಾನೆ: ಕುರಿಯ ಹೊಟ್ಟೆಚೀಲವನ್ನು ತೊಳೆದು ಗಿಡಕ್ಕೆ ಕಟ್ಟಿ, ದೂರದಲ್ಲಿ ನಿಂತು ಈಟಿಯಿಂದ ಕಾಂಡವನ್ನು ತಿವಿಯುತ್ತಿದ್ದರು; ಹಾಲು ಧಾರೆಯಾಗಿ ಚೀಲಕ್ಕೆ ಇಳಿಯುತ್ತಿತ್ತು. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಬಲ್ಲ ನಮ್ಮ ಹಳ್ಳಿಗರಿಗೆ ಆ ದೂರ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ತೋಟಗಾರಿಕೆಯ ಜನಪ್ರಿಯ ಪುಸ್ತಕಗಳಲ್ಲಿ ಯುಫೋರ್ಬಿಯಾ ಎಂದರೆ ಚೆನ್ನಾಗಿ ತಿಂದು ಕೊಬ್ಬಿದ್ದು, ಗಿಡದ ದಪ್ಪ ಕಾಂಡದಿಂದ ಆ ಹೆಸರು ಬಂತು ಎಂಬ ವಿವರಣೆ ಸಿಗುತ್ತದೆ. ಪದವನ್ನು ಒಡೆದರೆ ಆ ಅರ್ಥ ಬರುವುದು ನಿಜ. ಆದರೆ ಅದು ವೈದ್ಯನ ಹೆಸರಿನ ಅರ್ಥ, ಗಿಡಕ್ಕೆ ಹೆಸರು ಬಂದ ಕಾರಣವಲ್ಲ.

ಇದೇ ಕುಲದಲ್ಲಿ ಲಿನೇಯಸ್ ತನ್ನ ಸೂತ್ರವನ್ನು ಒಂದು ಮೆಟ್ಟಿಲು ಕೆಳಗೆ ಸಡಿಲಿಸಿದ. ಕುಲನಾಮಕ್ಕೆ ಪರದೇಶದ ಮಾತು ಸಲ್ಲದಿದ್ದರೂ ಪ್ರಭೇದದ ಹೆಸರಿಗೆ ಅಡ್ಡಿಯಿರಲಿಲ್ಲ. 1753ರ ಗ್ರಂಥದಲ್ಲಿ ಯುಫೋರ್ಬಿಯಾ ತಿರುಕಳ್ಳಿ ಎಂಬ ಹೆಸರಿದೆ. ಇದು ಬಂದದ್ದು ಡಚ್ ಮಲಬಾರಿನ ಆಡಳಿತಗಾರ ಹೆಂಡ್ರಿಕ್ ವಾನ್ ರೀಡ್ ಕೊಚ್ಚಿಯಲ್ಲಿದ್ದುಕೊಂಡು ಸಿದ್ಧಪಡಿಸಿದ ಹಾರ್ಟಸ್ ಮಲಬಾರಿಕಸ್‌ನಿಂದ. 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಕೃತಿ ಅದು. 1679ರ ಎರಡನೆಯ ಸಂಪುಟದಲ್ಲಿ ಮೂರು ಕಳ್ಳಿಗಳ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ: ಶದಿದ ಕಳ್ಳಿ, ಎಲ ಕಳ್ಳಿ, ತಿರು ಕಳ್ಳಿ. ಕನ್ನಡ ಓದುಗರಿಗೆ ಇಲ್ಲಿ ಅನುವಾದ ಬೇಕಾಗುವುದಿಲ್ಲ. ಮೊದಲನೆಯದು ಕಾಂಡಕ್ಕೆ ಏಣುಗಳಿರುವ ನಮ್ಮ ಚದುರಗಳ್ಳಿ, ಎರಡನೆಯದು ಎಲೆಗಳ್ಳಿ. ಮೂರನೆಯದು ಎಲೆಯೇ ಇಲ್ಲದಂತೆ ಕಾಣುವ, ಹೊಲದ ಬೇಲಿಗೆ ನೆಡುವ, ಪೆನ್ಸಿಲ್ ದಪ್ಪದ ಹಸಿರು ಕಡ್ಡಿಗಳ ಕಳ್ಳಿ. ರೀಡ್ ಆಶ್ರಯಿಸಿದ್ದು ಮಲಯಾಳಂ ಮಾತಾಡುವ ಈಳವ ವೈದ್ಯ ಇಟ್ಟಿ ಅಚ್ಯುತನನ್ನು ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರನ್ನು. ಅವರ ಬಾಯಿಂದ ಬಂದ ಮಾತು ಚಿತ್ರದ ಮೇಲೇ ಕೆತ್ತನೆಯಾಯಿತು. ಆ ಚಿತ್ರವನ್ನು ಸ್ವೀಡನ್ನಿನಲ್ಲಿ ಕುಳಿತು ನೋಡಿದ ಲಿನೇಯಸ್ ಗಿಡದ ಜೊತೆಗೆ ಅದರ ಹೆಸರನ್ನೂ ಎತ್ತಿಕೊಂಡ.

ಆತ ಶದಿದ ಕಳ್ಳಿಗೆ ಮಾತ್ರ ಈ ಉಪಕಾರ ಮಾಡಲಿಲ್ಲ. ಅದು ಪ್ರಾಚೀನರು ಬಲ್ಲ ಗಿಡವೆಂದು ಎಣಿಸಿ ಆಂಟಿಕ್ವೋರಮ್ ಎಂದು ಕರೆದ. ಭಾರತದ ಗಿಡಕ್ಕೆ ಮೆಡಿಟರೇನಿಯನ್ ಹಿರಿಯರ ನೆನಪು ಅಂಟಿತು. ತಿರುಕಳ್ಳಿಗೆ ಆದದ್ದು ಇದರ ತದ್ವಿರುದ್ಧ: ಆ ಗಿಡದ ಮೂಲ ಆಫ್ರಿಕ. ಬೇಲಿಗೂ ಔಷಧಕ್ಕೂ ಬಳಕೆಯಾಗುತ್ತ ಬಹಳ ಹಿಂದೆಯೇ ನಮ್ಮಲ್ಲಿ ನೆಲೆಸಿದ್ದು. ಆಫ್ರಿಕದ ಗಿಡವೊಂದು ಇಂದು ಜಗತ್ತಿನಾದ್ಯಂತ ದ್ರಾವಿಡ ಹೆಸರಿನಿಂದ ಗುರುತಾಗುತ್ತಿದೆ. ಸಸ್ಯನಾಮಗಳ ನಿಯಮಾವಳಿಯಲ್ಲಿ ಇದಕ್ಕೆ ತಿದ್ದುಪಡಿಯಿಲ್ಲ. ಹೆಸರು ಹೊಂದುವುದಿಲ್ಲ ಎಂಬ ಕಾರಣಕ್ಕೆ ಸಕ್ರಮವಾಗಿ ಪ್ರಕಟವಾದ ಹೆಸರನ್ನು ಕೈಬಿಡುವಂತಿಲ್ಲ.

ಎರಡನೆಯ ಪ್ರಕರಣ ಇನ್ನಷ್ಟು ಗಮನಕ್ಕೆ ಅರ್ಹ. ದಖ್ಖನ್ನಿನ ಕಲ್ಲುನೆಲದಲ್ಲಿ, ಕುರುಚಲು ಪೊದೆಗಳ ಬುಡದಲ್ಲಿ, ಬೆರಳಿನಷ್ಟು ದಪ್ಪದ, ನಾಲ್ಕು ಏಣಿನ, ಎಲೆಯಿಲ್ಲದ ಒಂದು ಗಿಡ ಬೆಳೆಯುತ್ತದೆ. ಕುರಿಗಾಹಿಗಳು ಅದನ್ನು ಹಸಿಯಾಗಿಯೇ ಕಡಿಯುತ್ತಾರೆ. ಇತ್ತೀಚೆಗೆ ಹಸಿವು ತಗ್ಗಿಸುವ ಗುಳಿಗೆಯ ರೂಪದಲ್ಲಿ ಅದು ಪೇಟೆಗೂ ಬಂದಿದ್ದು, ಡಬ್ಬಿಗಳ ಮೇಲೆ ಕ್ಯಾರಲುಮ ಎಂದಿರುತ್ತದೆ. ಈ ಹೆಸರಿನ ಮೂಲ ಅರಬ್ಬಿಯೆಂದೂ, ಮಾಂಸದ ಮೇಲಿನ ಹುಣ್ಣು ಎಂದು ಅದರ ಅರ್ಥವೆಂದೂ, ಹೂವಿನ ಕೊಳೆತ ನಾತವೇ ಅದಕ್ಕೆ ಕಾರಣವೆಂದೂ ಒಂದು ವಿವರಣೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಈ ಬಳಗದ ಅನೇಕ ಹೂಗಳು ನೊಣಗಳನ್ನು ಸೆಳೆಯಲು ದುರ್ವಾಸನೆ ಬೀರುವುದರಿಂದ ಓದಿದವರಿಗೆ ಒಪ್ಪುವಂಥ ವಿವರಣೆಯೇ.

ಮೊದಲ ವರ್ಣನೆಯನ್ನು ತೆರೆದರೆ ಈ ಕಟ್ಟಡ ಕುಸಿಯುತ್ತದೆ. ಗೋದಾವರಿ ಸೀಮೆಯ ಸಾಮರ್ಲಕೋಟದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಭಾರತೀಯ ಚಿತ್ರಕಾರರನ್ನು ಇಟ್ಟುಕೊಂಡು ಗಿಡಗಳನ್ನು ಬರೆಸುತ್ತಿದ್ದ. ಪ್ರತಿ ಗಿಡಕ್ಕೂ ತೆಲುಗರು ಏನನ್ನುತ್ತಾರೆಂದು ಕೇಳಿ ಗುರುತು ಹಾಕಿಕೊಳ್ಳುತ್ತಿದ್ದ. ಕೋರಮಂಡಲ ತೀರದ ಸಸ್ಯಗಳ ಕುರಿತ ಅವನ ಗ್ರಂಥದ ಮೊದಲ ಸಂಪುಟ 1795ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅಲ್ಲಿ ಈ ಗಿಡ ಸ್ಟೇಪೀಲಿಯಾ ಅಡ್ಸೆಂಡೆನ್ಸ್ ಎಂಬ ಹೆಸರಲ್ಲಿದೆ. ತೆಲುಗಿನಲ್ಲಿ ಇದನ್ನು ಕಾರಲ್ಲಮು ಎನ್ನುತ್ತಾರೆ, ದಂಟನ್ನು ಹಸಿಯಾಗಿ ತಿನ್ನುತ್ತಾರೆ, ಕಹಿ ಮತ್ತು ಉಪ್ಪು ರುಚಿ ಎಂದು ಆತ ಬರೆದಿಟ್ಟಿದ್ದಾನೆ. 1810ರಲ್ಲಿ ರಾಬರ್ಟ್ ಬ್ರೌನ್ ಅದನ್ನು ಸ್ಟೇಪೀಲಿಯಾದಿಂದ ಬೇರ್ಪಡಿಸಿ ಹೊಸ ಕುಲ ಮಾಡಿದಾಗ ಬಳಸಿಕೊಂಡದ್ದು ಈ ಮಾತನ್ನೇ. ಅರಬ್ಬಿ ವಾದಕ್ಕೆ ಇರುವ ಆಸರೆ ಧ್ವನಿಸಾಮ್ಯವೊಂದೇ. ತೆಲುಗಿನ ಪರವಾಗಿ ಕೇಳಿ ಬರೆದುಕೊಂಡವನ ಸಾಕ್ಷ್ಯವಿದೆ. ತೆಲುಗು ಪದವನ್ನು ಕಾರ, ಅಲ್ಲಮು ಎಂದು ಒಡೆದು ಶುಂಠಿಯವರೆಗೆ ಹೋಗುವ ಆಸೆ ನಮಗೂ ಆಗಬಹುದು. ಆಗ ನಾವೂ ಅರಬ್ಬಿ ವಾದಿಗಳ ತಪ್ಪನ್ನೇ ಮಾಡಿದಂತಾಗುತ್ತದೆ.

ಕೆಲಂಕೊ ಎಂಬ ಕುಲನಾಮದಲ್ಲಿ ತಕ್ಕಡಿ ಮತ್ತೊಂದು ಬದಿಗೆ ವಾಲಿದೆ. ಸಂಸ್ಕೃತದ ಕಳಂಕ ಮತ್ತು ಛಾಯಾ ಸೇರಿ ಈ ಪದವಾಯಿತು, ಎಲೆಗಳ ಮೇಲಿನ ಕಲೆ ಮತ್ತು ಹೊಳಪು ಅದಕ್ಕೆ ಕಾರಣ ಎಂಬ ವಾದ ಭಾರತೀಯ ಓದುಗರಿಗೆ ಹಿತವಾದದ್ದು. ಆದರೆ 1763ರಲ್ಲಿ ಈ ಕುಲವನ್ನು ಸ್ಥಾಪಿಸಿದ ಮಿಶೆಲ್ ಅದಾನ್ಸನ್ ತನ್ನ ಆಕರವನ್ನು ಹೇಳಿದ್ದಾನೆ: ಫಿಲಿಪೀನ್ಸಿನಲ್ಲಿದ್ದ ಜೆಸ್ಯುಯಿಟ್ ಗೇಯಾರ್ಗ್ ಯೋಸೆಫ್ ಕಾಮೆಲ್. ಕಾಮೆಲ್ ಬರೆದುಕೊಂಡಿದ್ದ ಚೀನೀ ಹೆಸರು ಕಲಂಚೌಹುಯ್. ಅದನ್ನು ಮೊಟಕುಗೊಳಿಸಿದರೆ ಕೆಲಂಕೊ. ಇಂಥ ಪದ ಕುಲನಾಮವಾಗಲು ಸಾಧ್ಯವಾದದ್ದು ಅದಾನ್ಸನ್ ಲಿನೇಯಸ್‌ನ ಪದ್ಧತಿಯನ್ನು ಒಪ್ಪದವನಾಗಿದ್ದರಿಂದ. ಗ್ರೀಕ್ ಮೂಲವೇ ಬೇಕೆಂಬ ಹಟ ಅವನಿಗಿರಲಿಲ್ಲ. ತಿರುಕಳ್ಳಿ ಪ್ರಭೇದದ ಮಟ್ಟದಲ್ಲೇ ನಿಂತು, ಕೆಲಂಕೊ ಕುಲದ ಮಟ್ಟಕ್ಕೇರಿದ್ದರ ಹಿಂದೆ ಈ ಇಬ್ಬರ ಭಿನ್ನಾಭಿಪ್ರಾಯವಿದೆ.

ಚಿತ್ರದಿಂದ ಹುಟ್ಟಿದ ಹೆಸರುಗಳೆಲ್ಲ ಸ್ಥಳೀಯ ಮಾತನ್ನು ಉಳಿಸಿಕೊಂಡವು ಎಂದೇನಲ್ಲ. 1624ರಲ್ಲಿ ಬಟೇವಿಯಾಕ್ಕೆ ಹೊರಟಿದ್ದ ಮಿಷನರಿ ಯುಸ್ಟಸ್ ಹೇರ್ನಿಯಸ್ ದಾರಿಯಲ್ಲಿ ಆಫ್ರಿಕದ ಕೇಪ್‌ನಲ್ಲಿ ಇಳಿದು ಕೆಲವು ಗಿಡಗಳನ್ನು ಚಿತ್ರಿಸಿದ. ಆ ಚಿತ್ರಗಳು ಆಮ್ಸ್ಟರ್‌ಡ್ಯಾಮಿನ ವೈದ್ಯ ಬೋಡಿಯಸ್ ಸ್ಟಾಪೆಲ್‌ನ ಕೈಸೇರಿದವು. ಥಿಯೊಫ್ರಾಸ್ಟಸ್‌ಗೆ ಅವನು ಬರೆದ ವ್ಯಾಖ್ಯಾನದೊಡನೆ ಅವು 1644ರಲ್ಲಿ ಅಚ್ಚಾದವು, ಆ ಹೊತ್ತಿಗೆ ಸ್ಟಾಪೆಲ್ ಬದುಕಿರಲಿಲ್ಲ. ಅವುಗಳಲ್ಲಿ ಒಂದಾದ ಸ್ಟೇಪೀಲಿಯಾ ಗಿಡವನ್ನು ಬೆಳೆದ ಸ್ಥಳದಲ್ಲಿ ಕಂಡವನು ಹೇರ್ನಿಯಸ್, ಕುಲಕ್ಕೆ ಹೆಸರಾದವನು ಸ್ಟಾಪೆಲ್. ಹಾವರ್ತ್ 1812ರಲ್ಲಿ ಅದೇ ಗಿಡವನ್ನು ಆರ್ಬಿಯಾ ಎಂಬ ಕುಲಕ್ಕೆ ವರ್ಗಾಯಿಸಿದ್ದರಿಂದ ಸ್ಟೇಪೀಲಿಯಾ ಎಂಬ ಹೆಸರಿಗೆ ಕಾರಣವಾದ ಗಿಡ ಇಂದು ಸ್ಟೇಪೀಲಿಯಾದಲ್ಲಿ ಇಲ್ಲ.

ಚಿತ್ರಕಾರನಿಗೇ ಗೌರವ ಸಂದ ಅಪರೂಪದ ನಿದರ್ಶನ ಎಕೆವೇರಿಯಾ. ಸ್ಪೇನಿನ ದೊರೆ ಕಳಿಸಿದ ಸಸ್ಯಯಾತ್ರೆಯಲ್ಲಿ ಮೆಕ್ಸಿಕೋದ ಅತನಾಸಿಯೋ ಎಚೆವೆರ್ರಿಯಾ ಬರೆದ ಚಿತ್ರಗಳನ್ನು ಹಿಡಿದುಕೊಂಡು ಮೊಸಿನ್ಯೋ ಎಂಬ ಸಸ್ಯಶಾಸ್ತ್ರಜ್ಞ ಫ್ರಾನ್ಸಿನಲ್ಲಿ ಆಶ್ರಯ ಪಡೆದಿದ್ದ. ಅವನ್ನು ಮುಂದೆ ಜಿನೀವಾಕ್ಕೆ ತೆರಳಿದ ಸಸ್ಯಶಾಸ್ತ್ರಜ್ಞ ಡಿ ಕಾಂಡೋಲ್‌ಗೆ ಒಪ್ಪಿಸಿದ್ದ. 1817ರಲ್ಲಿ ಸ್ಪೇನಿಗೆ ಮರಳುವ ಅವಕಾಶ ಸಿಕ್ಕಿ ಮೊಸಿನ್ಯೋ ಚಿತ್ರಗಳನ್ನು ವಾಪಸ್ ಕೇಳಿದಾಗ ಜಿನೀವಾದ ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಹೆಂಗಸರು, ಕೆಲವೇ ದಿನಗಳಲ್ಲಿ ಸಾವಿರದಷ್ಟು ಚಿತ್ರಗಳ ಪ್ರತಿ ಮಾಡಿಕೊಟ್ಟರು. 1828ರಲ್ಲಿ ಡಿ ಕಾಂಡೋಲ್ ಎಕೆವೇರಿಯಾ ಕುಲವನ್ನು ಪ್ರಕಟಿಸಿದಾಗ ಅದರ ಕೆಲವು ಪ್ರಭೇದಗಳಿಗೆ ಈ ಚಿತ್ರಗಳೇ ಆಧಾರವಾದವು.

ಗಿಡದ ಗುಣವನ್ನು ನೋಡಿ ಇಟ್ಟ ಹೆಸರು ಸುರಕ್ಷಿತ ಎನ್ನುವ ಹಾಗೂ ಇಲ್ಲ. 1684ರಲ್ಲಿ ಯಾಕೊಬ್ ಬ್ರೈನ್ ಕೇಪ್‌ನ ಗಿಡವೊಂದನ್ನು ನಡುಹಗಲ ಹೂ ಎಂಬರ್ಥದಲ್ಲಿ ಮೆಸೆಂಬ್ರಿಯಾಂತಿಮಮ್ ಎಂದು ಕರೆದ. ರಾತ್ರಿ ಅರಳುವ ಪ್ರಭೇದಗಳು ಪತ್ತೆಯಾದ ಮೇಲೆ ಡಿಲೆನಿಯಸ್ ಒಂದು ಜಾಣತನ ಮಾಡಿದ. ನಡುವಿನ ಐ ಅಕ್ಷರ ತೆಗೆದು ವೈ ಹಾಕಿದ. ಉಚ್ಚಾರ ಹಾಗೇ ಉಳಿಯಿತು, ವ್ಯುತ್ಪತ್ತಿ ಮಾತ್ರ ಬದಲಾಗಿ ನಡುವೆ ಭ್ರೂಣವಿರುವ ಹೂ ಎಂದಾಯಿತು. ಲಿನೇಯಸ್ ಈ ಕಾಗುಣಿತವನ್ನೇ ಒಪ್ಪಿಕೊಂಡ. ಬ್ರಿಟನ್ ಮತ್ತು ರೋಸ್ 1922ರಲ್ಲಿ ಬೊಲಿವಿಯಾವನ್ನು ಲೊಬಿವಿಯಾ, ಲಿಮಾವನ್ನು ಮಿಲಾ, ಮೆಂಡೋಜಾವನ್ನು ಡೆನ್ಮೋಜಾ ಮಾಡಿ ಕಳ್ಳಿಕುಲಗಳಿಗೆ ಇಟ್ಟದ್ದೂ ಇಂಥದೇ ಅಕ್ಷರದಾಟ. ಹೆಸರನ್ನು ಮನಬಂದಂತೆ ಕಟ್ಟಿಕೊಳ್ಳಲು ನಿಯಮಾವಳಿ ಬಿಟ್ಟಿರುವುದರಿಂದ ಇವು ತಪ್ಪಲ್ಲ, ಬರಿದು ಅಷ್ಟೆ.

ನಮ್ಮ ನೆರೆಯ ಒಂದು ಗಿಡದಿಂದ ನಿಯಮಗಳ ಇನ್ನೊಂದು ಪರಿಣಾಮ ತಿಳಿಯುತ್ತದೆ. ಮಹಾರಾಷ್ಟ್ರದ ಜುನ್ನರ್ ಸೀಮೆಯ ಬಂಡೆಗಳಲ್ಲಿ ಬೆಳೆಯುವ, ಕ್ಯಾರಲುಮದ ಬಳಗದಲ್ಲಿ ಅಪರೂಪವೆನಿಸುವಷ್ಟು ದೊಡ್ಡ ಎಲೆಯುಳ್ಳ ಗಿಡಕ್ಕೆ ಡಾಲ್ಜೆಲ್ 1865ರಲ್ಲಿ ಫ್ರೆರಿಯಾ ಇಂಡಿಕಾ ಎಂದು ಹೆಸರಿಟ್ಟ. ಬಾರ್ಟಲ್ ಫ್ರೆಯರ್ ಆಗ ಬೊಂಬಾಯಿಯ ಗವರ್ನರ್, ಧಾರವಾಡ ಮತ್ತು ಬೆಳಗಾವಿಗಳೂ ಅವನ ಆಡಳಿತದಲ್ಲಿದ್ದವು. 1958ರಲ್ಲಿ ರೌಲಿ ಈ ಗಿಡವನ್ನು ಕ್ಯಾರಲುಮ ಕುಲಕ್ಕೆ ತರುವಾಗ ಅಲ್ಲಿ ಇಂಡಿಕಾ ಎಂಬ ಪ್ರಭೇದ ಮೊದಲೇ ಇತ್ತು. ಹಾಗಾಗಿ ದೇಶದ ಹೆಸರನ್ನು ಬಿಟ್ಟು, ರದ್ದಾದ ಕುಲನಾಮದಲ್ಲಿದ್ದ ಗವರ್ನರನನ್ನೇ ಪ್ರಭೇದನಾಮಕ್ಕೆ ಇಳಿಸಿ ಕ್ಯಾರಲುಮ ಫ್ರೆರೈ ಮಾಡಿದ. ಆಗ ತೆಲುಗಿನ ಕಾರಲ್ಲಮು ಮತ್ತು ಬೊಂಬಾಯಿಯ ಗವರ್ನರ್ ಒಂದೇ ಹೆಸರಿನಲ್ಲಿ ಜೊತೆಯಾಗಿದ್ದರು. ಈಗ ಗಿಡ ಬೌಸೆರೋಸಿಯಾ ಕುಲದಲ್ಲಿದೆ. ಗ್ರೀಕಿನಲ್ಲಿ ಎತ್ತಿನ ಕೊಂಬು ಎಂದು ಸೂಚಿಸುವ ಈ ಹೆಸರನ್ನು ಹೂವಿನ ಒಳದಳಗಳ ಆಕಾರ ನೋಡಿ 1834ರಲ್ಲಿ ವೈಟ್ ಮತ್ತು ಆರ್ನಾಟ್ ಕೊಟ್ಟಿದ್ದರು. ತೆಲುಗು ಮಾತು ಬಿಟ್ಟುಹೋಗಿದೆ, ಫ್ರೆರೈ ಉಳಿದಿದೆ.