ಬೆನ್ನಿನ ಹೆಸರು, ಅಂಚಿನ ಸಾಕ್ಷಿ: ಫ್ರಾನ್ಸಿನ ಅಂಚೆಚೀಟಿ-ನಾಣ್ಯಗಳ ಗುರುತು ಮತ್ತು ಮೌಲ್ಯ

ಫ್ರಾನ್ಸಿನ ಹಳೆಯ ಜಾಹೀರಾತು ಟೋಕನ್‌ಗಳಲ್ಲಿ 'ತ್ಯಾಂಬ್ರ್-ಮೊನೆ', ಅಂದರೆ ಅಂಚೆಚೀಟಿ-ನಾಣ್ಯ, ಎರಡು ಹವ್ಯಾಸಗಳ ಗಡಿಯಲ್ಲಿ ನಿಲ್ಲುವ ವಸ್ತು. ಅಂಚೆಚೀಟಿ ಸಂಗ್ರಾಹಕರು ಒಳಗಿನ ಚೀಟಿ ನೋಡಿ ಬೆಲೆ ಹೇಳಿದರೆ, ನಾಣ್ಯ ಸಂಗ್ರಾಹಕರು ಹೊರಗಿನ ಲೋಹಕ್ಕೆ ಬೆಲೆ ಕಟ್ಟುತ್ತಾರೆ. ಈ ಎರಡೂ ಸಾಕಾಗುವುದಿಲ್ಲ. ಬಿಲ್ಲೆಯ ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ಅದರ ಬೆನ್ನಿನ ಮೇಲಿನ ಜಾಹೀರಾತುದಾರನ ಹೆಸರು. ಅದರ ಸಾಚಾತನಕ್ಕೆ ಸಾಕ್ಷಿ ಹೇಳುವುದು ಅಂಚು. ಇದು ಈ ಲೇಖನದ ವಾದ.

ಇವುಗಳ ಹುಟ್ಟಿಗೆ ಕಾರಣ ಚಿಲ್ಲರೆಯ ಬರ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗಿನಿಂದ ಜನ ಬೆಳ್ಳಿ ನಾಣ್ಯಗಳನ್ನು ಕೂಡಿಡತೊಡಗಿದರು. ಯುದ್ಧ ಮುಗಿದ ಮೇಲೆ ಬೆಳ್ಳಿಯ ದರ ಏರಿ, ನಾಣ್ಯದ ಲೋಹವೇ ಅದರ ಮುಖಬೆಲೆಯನ್ನು ಮೀರಿತು. ವಾಣಿಜ್ಯ ಮಂಡಳಿಗಳು ಕಾಗದದ ನೋಟುಗಳನ್ನು ಹೊರಡಿಸಿದವು. ಅಂಗಡಿಗಳಲ್ಲಿ ಅಂಚೆಚೀಟಿಯೂ ಚಿಲ್ಲರೆಯಾಯಿತು. ಆದರೆ ಕೈಯಿಂದ ಕೈಗೆ ಹೋದ ಅಂಟುಚೀಟಿ ಬೇಗ ಕೊಳೆಯಾಗಿ ಹರಿಯುತ್ತಿತ್ತು. 1920ರಲ್ಲಿ ಎದುವಾರ್ ಬುಷೋ-ಪ್ರಾಸೆಕ್ ಚೀಟಿಯನ್ನು ಲೋಹದ ಪುಟ್ಟ ತಟ್ಟೆಯಲ್ಲಿಟ್ಟು, ಮೇಲೆ ಪಾರದರ್ಶಕ ಅಭ್ರಕ ಮುಚ್ಚಿ, ಅಂಚು ಮಡಚುವ ಉಪಾಯ ತಂದ. ಅಮೆರಿಕದಲ್ಲಿ ಜಾನ್ ಗಾಲ್ಟ್ 1862ರಲ್ಲೇ ಇಂಥದನ್ನು ಹಿತ್ತಾಳೆಯಲ್ಲಿ ಮಾಡಿದ್ದ. ಜಾಹೀರಾತುದಾರನಿಗೆ ಇದು ಅಗ್ಗದ ವ್ಯವಹಾರ: ಬಿಲ್ಲೆಯನ್ನು ಚಿಲ್ಲರೆಯಾಗಿ ಕೊಟ್ಟಾಗ ಚೀಟಿಯ ಹಣ ವಾಪಸು ಬರುತ್ತಿತ್ತು, ಖರ್ಚೆಂದರೆ ತಟ್ಟೆಯದು ಮಾತ್ರ.

ಕ್ರೆದಿ ಲಿಯೊನೆ ಬ್ಯಾಂಕಿನ ಬಿಲ್ಲೆಯೊಂದನ್ನು ನೋಡೋಣ. ತಟ್ಟೆ ಅಲ್ಯೂಮಿನಿಯಂ, ಬೆನ್ನಿನಲ್ಲಿ ಬ್ಯಾಂಕಿನ ಹೆಸರು ಉಬ್ಬಿ ನಿಂತಿದೆ. ಮುಖದಲ್ಲಿ, ಅಭ್ರಕದ ಕೆಳಗೆ, ಓಸ್ಕಾರ್ ರೋಟಿ ರೂಪಿಸಿದ 'ಬಿತ್ತುವವಳು' ಚಿತ್ರದ ಚೀಟಿ. ಚೀಟಿಯ ಸುತ್ತ ಬಣ್ಣದ ಕಾಗದದ ಹಿನ್ನೆಲೆ ಕಾಣುತ್ತದೆ. ಕೆಂಪು, ನೀಲಿ, ಹಸಿರು ಎಂಬ ಈ ವ್ಯತ್ಯಾಸವೂ ವರ್ಗೀಕರಣಕ್ಕೆ ಬರುತ್ತದೆ. ಕಾಲ ಹೇಳುವುದು ಚೀಟಿಯ ಬಣ್ಣ. ಮೊದಲಿಗೆ 5 ಸೆಂಟಿಮ್ ಹಸಿರು, 10 ಕೆಂಪು, 25 ನೀಲಿ. 1921ರಲ್ಲಿ 5 ಕಿತ್ತಳೆಯಾಯಿತು, 10 ಹಸಿರಾಯಿತು. ಹಾಗಾಗಿ ಹಸಿರು 10ರ ಬಿಲ್ಲೆ 1921ಕ್ಕಿಂತ ಹಿಂದಿನದಾಗಲಾರದು.

ಮೌಲ್ಯದ ಲೆಕ್ಕ ಇಲ್ಲಿಂದ ಶುರು. ಈ ಚೀಟಿಗಳು ಕೋಟಿಗಟ್ಟಲೆ ಅಚ್ಚಾದವು, ಬಿಡಿಯಾಗಿ ದುಬಾರಿಯಲ್ಲ, ಅಲ್ಯೂಮಿನಿಯಮ್ಮಿಗೂ ಬೆಲೆಯಿಲ್ಲ. ಕ್ರೆದಿ ಲಿಯೊನೆಯಂಥ ದೊಡ್ಡ ಬ್ಯಾಂಕಿನ ಬಿಲ್ಲೆ ಇಂದಿಗೂ ಸುಲಭವಾಗಿ ಸಿಗುತ್ತದೆ. ಯಾವುದೋ ಊರಿನ ಒಂದು ಅಂಗಡಿ ಕೆಲವೇ ಮಾಡಿಸಿದ ಬಿಲ್ಲೆ ಅದೇ ಚೀಟಿ ಹೊತ್ತಿದ್ದರೂ ಹಲವು ಪಟ್ಟು ಬೆಲೆ ಬಾಳುತ್ತದೆ. ಆಮೇಲೆ ಸ್ಥಿತಿಯ ಮಾತು: ಅಭ್ರಕ ಬಿರಿದಿದೆಯೇ, ಚೀಟಿ ಮಾಸಿದೆಯೇ, ಬಣ್ಣ ಬಳಿದ ಕಬ್ಬಿಣದ ತಟ್ಟೆಯಾದರೆ ತುಕ್ಕು ಹಿಡಿದಿದೆಯೇ.

ಮೋಸವೂ ಇಲ್ಲೇ. ಖಾಲಿ ತಟ್ಟೆಗೆ ಹಳೆಯ ಚೀಟಿ ತುರುಕಿ ಮಾರುವುದು ಕಷ್ಟವಲ್ಲ. ಮಡಚಿದ ಅಂಚನ್ನು ಭೂತಗನ್ನಡಿಯಲ್ಲಿ ಸುತ್ತ ನೋಡಬೇಕು. ಉಪಕರಣ ತಾಗಿದ ಗೀರು, ಏರುಪೇರು ಕಂಡರೆ ಅದು ತೆರೆದು ಮುಚ್ಚಿದ್ದು. ಒಳಗೆ ಅಂಚೆ ಮುದ್ರೆ ಬಿದ್ದ ಚೀಟಿಯಿದ್ದರೆ ಅನುಮಾನ ಇನ್ನೂ ಹೆಚ್ಚು. ಬಳಸಿದ ಚೀಟಿಗೆ ಚಲಾವಣೆಯ ಬೆಲೆಯೇ ಇರಲಿಲ್ಲವಲ್ಲ.

ಆದ್ದರಿಂದ ಪಟ್ಟಿ ಮಾಡುವಾಗ ಜಾಹೀರಾತುದಾರನ ಹೆಸರು, ತಟ್ಟೆಯ ಲೋಹ, ಚೀಟಿಯ ಬೆಲೆ ಮತ್ತು ಬಣ್ಣ, ಹಿನ್ನೆಲೆ, ಅಂಚಿನ ಸ್ಥಿತಿ ಈ ಐದನ್ನೂ ಬರೆದಿಡಬೇಕು. ಒಳಗಿನ ಚೀಟಿಯನ್ನು ಪರೀಕ್ಷಿಸುವ ಆಸೆಗೆ ಮಾತ್ರ ಬಿಲ್ಲೆಯನ್ನು ಬಿಚ್ಚಬಾರದು. ಬಿಚ್ಚಿದ ಬಿಲ್ಲೆ ತನ್ನ ಸಾಕ್ಷಿಯನ್ನು ಕಳೆದುಕೊಳ್ಳುತ್ತದೆ.